ಡಿಕ್ಕಿ ಬಾಗಿಲು ತಲೆಯ ಮೇಲೆ ಬೀಳುವ ಮೊದಲೇ ಗ್ಯಾಸ್ ಶಾಕ್ ಬದಲಿಸಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಓಮ್ನಿ, ಈಕೋದಂತಹ ವ್ಯಾನುಗಳು ಹಲವು ಕೆಲಸಕ್ಕೆ ಬೇಕು. ಹಾಲಿನ ಕ್ಯಾನು, ಪಶು ಆಹಾರದ ಚೀಲ, ಹಿಂಡಿ, ಹಡಗಲಿ ಕಡೆಯಾದರೆ ಮಲ್ಲಿಗೆ ಹೂವಿನ ಬುಟ್ಟಿ, ಜಾತ್ರೆಯ ದಿನ ಮನೆಮಂದಿ, ಎಲ್ಲವೂ ಅದರಲ್ಲೇ ಹೋಗುತ್ತವೆ. ಇವುಗಳ ಹಿಂಬಾಗಿಲು, ಅಂದರೆ ಡಿಕ್ಕಿ ಬಾಗಿಲು, ಮೇಲಕ್ಕೆ ತೆರೆಯುತ್ತದೆ. ಆ ಬಾಗಿಲನ್ನು ಮೇಲೆ ನಿಲ್ಲಿಸಿ ಹಿಡಿಯುವುದು ಅದರ ಎರಡು ಬದಿಯಲ್ಲಿರುವ ಕಪ್ಪು ಬಣ್ಣದ ತೆಳ್ಳನೆಯ ಕೊಳವೆಗಳು. ಇವನ್ನು ಗ್ಯಾಸ್ ಸ್ಟ್ರಟ್ ಅಥವಾ ಗ್ಯಾಸ್ ಸ್ಪ್ರಿಂಗ್ ಎನ್ನುತ್ತಾರೆ. ಬಿಡಿಭಾಗಗಳ ಅಂಗಡಿಯಲ್ಲಿ "ಡಿಕ್ಕಿ ಶಾಕ್" ಎಂದು ಕೇಳಿದರೆ ಸಾಕು. ಈ ಲೇಖನದಲ್ಲಿ ಗ್ಯಾಸ್ ಶಾಕ್ ಎಂದೇ ಕರೆಯೋಣ.

ಈ ಶಾಕ್ ದುರ್ಬಲವಾದರೆ ಬಾಗಿಲು ಹೇಳದೆ ಕೇಳದೆ ಕೆಳಗೆ ಬೀಳುತ್ತದೆ. ದಿನವೂ ಗಾಡಿ ಓಡಿಸುವವರಿಗೆ ಅದರ ಗುಣ ಗೊತ್ತಿರುತ್ತದೆ. ಅವರು ಹೆಗಲು ಕೊಟ್ಟೋ ಕೋಲು ಕೊಟ್ಟೋ ಸಂಭಾಳಿಸುತ್ತಾರೆ. ಗೊತ್ತಿಲ್ಲದೆ ಅದರಡಿ ತಲೆ ಹಾಕುವವರು ಕ್ಯಾನು ಇಡಲು, ಚೀಲ ಇಳಿಸಲು ಬಂದ ನೀವು. 40 ಲೀಟರಿನ ಕ್ಯಾನು ತುಂಬಿದರೆ ಹಾಲೇ 41 ಕೆ.ಜಿ. ತೂಗುತ್ತದೆ, ಕ್ಯಾನಿನ ತೂಕ ಬೇರೆ. ಅಂತಹ ಭಾರ ಹಿಡಿದು ಬಗ್ಗಿದಾಗ ಎರಡೂ ಕೈ ಸಿಕ್ಕಿಕೊಂಡಿರುತ್ತವೆ. ಬೀಳುವ ಬಾಗಿಲನ್ನು ತಡೆಯಲು ಆಗ ಯಾವ ಕೈಯೂ ಇರುವುದಿಲ್ಲ. ಆದ್ದರಿಂದ ಇದನ್ನು ಗಾಡಿಯವರ ಕೆಲಸ ಎಂದು ಬಿಡದೆ, ನಮ್ಮ ತಲೆಯ ಮಾತು ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಗ್ಯಾಸ್ ಶಾಕ್ ಹೇಗೆ ಕೆಲಸ ಮಾಡುತ್ತದೆ?

ಮುಚ್ಚಿದ ಉಕ್ಕಿನ ಕೊಳವೆಯೊಳಗೆ ನೈಟ್ರೋಜನ್ ಅನಿಲವನ್ನು ಬಹಳ ಒತ್ತಡದಲ್ಲಿ ತುಂಬಿರುತ್ತಾರೆ. ಜೊತೆಗೆ ಸ್ವಲ್ಪ ಎಣ್ಣೆ ಇರುತ್ತದೆ. ಕೊಳವೆಯ ಒಂದು ತುದಿಯಿಂದ ಹೊಳೆಯುವ ಸರಳು ಹೊರಗೆ ಬರುತ್ತದೆ. ಸರಳು ಹೊರಬರುವ ಜಾಗದಲ್ಲಿ ರಬ್ಬರಿನ ಸೀಲ್ ಇದೆ. ಬಾಗಿಲು ಮುಚ್ಚಿದಾಗ ಸರಳು ಒಳಗೆ ಹೋಗುತ್ತದೆ, ಅನಿಲ ಇನ್ನಷ್ಟು ಒತ್ತಿಕೊಳ್ಳುತ್ತದೆ. ಬಾಗಿಲು ತೆರೆದಾಗ ಅದೇ ಅನಿಲ ಸರಳನ್ನು ಹೊರಗೆ ನೂಕಿ ಬಾಗಿಲಿನ ಭಾರ ಹೊರುತ್ತದೆ. ಕಚೇರಿಗಳಲ್ಲಿ ಮೇಲೆ ಕೆಳಗೆ ಮಾಡುವ ತಿರುಗು ಕುರ್ಚಿಯಲ್ಲೂ, ಒಂದೇ ತುಂಡಿನ ಬಾನೆಟ್ ಇರುವ ಹಲವು ಹೊಸ ಟ್ರ್ಯಾಕ್ಟರುಗಳಲ್ಲೂ, ವಿದೇಶಗಳಲ್ಲಿ ಮನೆಯಂತೆ ಕಟ್ಟಿಸಿಕೊಂಡು ಊರೂರು ತಿರುಗುವ ದೊಡ್ಡ ವ್ಯಾನುಗಳ ಬಾಗಿಲುಗಳಲ್ಲೂ ಇರುವುದು ಇದೇ ವಿದ್ಯೆ.

ಒಳಗಿನ ಒತ್ತಡ ಎಷ್ಟೆಂದು ಒಂದು ಲೆಕ್ಕ ನೋಡಿ. 8 ಮಿ.ಮೀ. ದಪ್ಪದ ಸರಳು 40 ಕೆ.ಜಿ. ಭಾರ ನೂಕಬೇಕಾದರೆ ಒಳಗೆ ಸುಮಾರು 80 ಬಾರ್ ಒತ್ತಡ ಬೇಕು. ಬೈಕಿನ ಟೈರಿನಲ್ಲಿ ಇರುವುದು ಸುಮಾರು 2 ಬಾರ್ ಮಾತ್ರ. ಅಂದರೆ ಬೈಕಿನ ಟೈರಿಗಿಂತ 40 ಪಟ್ಟು ಒತ್ತಡ ಆ ಸಣ್ಣ ಕೊಳವೆಯಲ್ಲಿದೆ. ಇದನ್ನು ಕೊನೆಯವರೆಗೂ ನೆನಪಿನಲ್ಲಿಡಿ. ಹಳೆಯ ಶಾಕ್ ಏನು ಮಾಡಬೇಕು ಎಂಬಲ್ಲಿ ಈ ಮಾತು ಮತ್ತೆ ಬರುತ್ತದೆ.

ಏಕೆ ದುರ್ಬಲವಾಗುತ್ತದೆ?

ಸೀಲಿನ ಮೂಲಕ ಅನಿಲ ಬಹಳ ನಿಧಾನವಾಗಿ ಸೋರುತ್ತದೆ. ಇದು ಎಲ್ಲ ಶಾಕ್‌ಗಳಲ್ಲೂ ಆಗುವಂಥದ್ದು. ಆದರೆ ಹಾಲಿನ ಗಾಡಿಯಲ್ಲಿ ಬೇಗ ಆಗುತ್ತದೆ. ಮನೆಯ ಕಾರಿನ ಡಿಕ್ಕಿಯನ್ನು ವಾರಕ್ಕೆ ನಾಲ್ಕು ಸಲ ತೆರೆದರೆ ವರ್ಷಕ್ಕೆ ಸುಮಾರು 200 ಸಲವಾಯಿತು. ಹಾಲಿನ ವ್ಯಾನಿನ ಡಿಕ್ಕಿಯನ್ನು ದಿನಕ್ಕೆ ಹತ್ತು ಸಲ ತೆರೆದರೆ ವರ್ಷಕ್ಕೆ 3,650 ಸಲ. ಇದರ ಮೇಲೆ ನಮ್ಮ ಮಣ್ಣು ರಸ್ತೆಯ ಧೂಳು ಇದೆ. ಸರಳಿಗೆ ಮೆತ್ತಿದ ಧೂಳು ಬಾಗಿಲು ಮುಚ್ಚಿದಾಗಲೆಲ್ಲ ಸೀಲನ್ನು ಉಜ್ಜುತ್ತದೆ. ಚೆಲ್ಲಿದ ಹಾಲು ಒಣಗಿ ಗಟ್ಟಿಯಾದರೂ ಅಷ್ಟೇ.

ಇನ್ನೊಂದು ಕಾರಣ ಚಳಿ. ಅನಿಲ ತಣ್ಣಗಾದರೆ ಒತ್ತಡ ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ಬಿಸಿಲಿನಲ್ಲಿ ಇರುವ ಬಲಕ್ಕಿಂತ, ಚಳಿಗಾಲದ ನಸುಕಿನಲ್ಲಿ 15 ಡಿಗ್ರಿ ಇದ್ದಾಗ ಅದೇ ಶಾಕ್‌ನ ಬಲ ಸುಮಾರು ಶೇ. 8ರಷ್ಟು ಕಡಿಮೆ. ಹೊಸ ಶಾಕ್‌ಗೆ ಇದು ಲೆಕ್ಕಕ್ಕಿಲ್ಲ. ಆದರೆ ಅನಿಲ ಸೋರಿ ಹೇಗೋ ಬಾಗಿಲು ಹಿಡಿದು ನಿಂತಿರುವ ಹಳೆಯ ಶಾಕ್‌ಗೆ ಅಷ್ಟೇ ಸಾಕು. ಮಧ್ಯಾಹ್ನ ಅಂಗಡಿಯ ಮುಂದೆ ಗಟ್ಟಿಯಾಗಿ ನಿಂತ ಬಾಗಿಲು, ಬೆಳಗಿನ ಹಾಲಿನ ಹೊತ್ತಿಗೆ ಕೈಕೊಡುವುದು ಇದರಿಂದಲೇ. "ನಿನ್ನೆ ಸರಿ ಇತ್ತಲ್ಲ" ಎಂಬ ಮಾತನ್ನು ನಂಬಬೇಡಿ. ಪರೀಕ್ಷೆ ಮಾಡುವುದಾದರೆ ನಸುಕಿನಲ್ಲೇ ಮಾಡಿ.

ದುರ್ಬಲವಾಗಿದೆ ಎಂದು ತಿಳಿಯುವುದು ಹೇಗೆ?

ಬಾಗಿಲಿನ ಅಡಿ ನಿಲ್ಲದೆ, ಪಕ್ಕದಲ್ಲಿ ನಿಂತು ನೋಡಿ.

• ಪೂರ್ತಿ ತೆರೆದ ಬಾಗಿಲು ಐದು ನಿಮಿಷದಲ್ಲಿ ತಾನಾಗಿ ಸ್ವಲ್ಪವಾದರೂ ಇಳಿದಿದೆಯೇ?
• ತೆರೆದ ಬಾಗಿಲನ್ನು ಒಂದು ಬೆರಳಿನಿಂದ ಮೆಲ್ಲಗೆ ಕೆಳಗೆ ಒತ್ತಿ ಬಿಟ್ಟರೆ ಮತ್ತೆ ಮೇಲೆ ಹೋಗುತ್ತದೆಯೇ, ಇಲ್ಲ ಕೆಳಗೇ ಜಾರುತ್ತದೆಯೇ?
• ಅರ್ಧ ತೆರೆದ ಮೇಲೂ ಬಾಗಿಲನ್ನು ನೀವೇ ಎತ್ತಬೇಕಾಗಿದೆಯೇ? ಸರಿಯಾದ ಶಾಕ್ ಅಲ್ಲಿಂದ ಮುಂದೆ ತಾನೇ ಎತ್ತಿಕೊಳ್ಳುತ್ತದೆ.
• ಸರಳಿನ ಮೇಲೆ ಎಣ್ಣೆ ಜಿನುಗಿದ ಗುರುತು ಇದೆಯೇ? ತುಕ್ಕು, ಗೀರು, ಬಾಗಿದ ಗುರುತು ಇದೆಯೇ?
• ತೆರೆದ ಬಾಗಿಲಿನ ಒಂದು ಮೂಲೆ ತಗ್ಗಿ, ಇನ್ನೊಂದು ಮೂಲೆ ಎತ್ತರವಾಗಿದೆಯೇ? ಹಾಗಿದ್ದರೆ ಒಂದು ಬದಿಯ ಶಾಕ್ ಸೋತಿದೆ.

ಇವುಗಳಲ್ಲಿ ಒಂದು ಕಂಡರೂ ಬದಲಿಸುವ ಕಾಲ ಬಂದಿದೆ ಎಂದೇ ತಿಳಿಯಿರಿ. ಬದಲಿಸುವವರೆಗೆ ಕೋಲು ಕೊಡಬೇಕಾದರೆ ಸಿಕ್ಕಿದ ಕಡ್ಡಿ ಬೇಡ. ಗಟ್ಟಿ ಮರದ ಕೋಲನ್ನು ಅಳತೆಗೆ ಕತ್ತರಿಸಿ, ಎರಡೂ ತುದಿಗೆ ಹಳೆಯ ಟ್ಯೂಬಿನ ರಬ್ಬರು ಸುತ್ತಿ, ಅದನ್ನು ಗಾಡಿಯಲ್ಲೇ ಇಡಿ. ಆಗಲೂ ಇನ್ನೊಬ್ಬರು ಬಾಗಿಲು ಹಿಡಿದಿದ್ದರೆ ಮಾತ್ರ ಒಳಗೆ ಬಗ್ಗಿ. ಕೋಲು ಕೆಲವು ದಿನದ ಮಾತು. ವರ್ಷಗಟ್ಟಲೆ ಕೋಲಿನ ಮೇಲೇ ನಿಂತ ಬಾಗಿಲು ಒಂದು ದಿನ ಯಾರದೋ ಮೊಣಕೈ ತಾಗಿ ಬಿದ್ದೇ ಬೀಳುತ್ತದೆ.

ಹೊಸದನ್ನು ಆರಿಸುವುದು ಹೇಗೆ?

ಹಳೆಯ ಶಾಕ್ ಅನ್ನು ಬಟ್ಟೆಯಿಂದ ಒರೆಸಿ ನೋಡಿ. ಕೊಳವೆಯ ಮೇಲೆ ಒಂದು ಸಂಖ್ಯೆ ಮತ್ತು ಅದರ ಪಕ್ಕ ಇಂಗ್ಲಿಷಿನ "ಎನ್" ಅಕ್ಷರ ಇರುತ್ತದೆ. ಅದು ನ್ಯೂಟನ್, ಅಂದರೆ ಶಾಕ್ ನೂಕುವ ಬಲ. 10 ನ್ಯೂಟನ್ ಎಂದರೆ ಹೆಚ್ಚುಕಡಿಮೆ 1 ಕೆ.ಜಿ. ಭಾರ. 400 ಎಂದಿದ್ದರೆ ಆ ಒಂದು ಶಾಕ್ ಸುಮಾರು 40 ಕೆ.ಜಿ. ನೂಕುತ್ತದೆ ಎಂದು ಅರ್ಥ. ಆ ಸಂಖ್ಯೆಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ನಂತರ ಈ ಐದು ವಿಷಯ ಹೊಂದಬೇಕು.

1. ಬಲ: ಹಳೆಯದರಲ್ಲಿ ಇದ್ದಷ್ಟೇ ಇರಬೇಕು.
2. ಉದ್ದ: ಬಾಗಿಲು ಪೂರ್ತಿ ತೆರೆದಾಗ ಒಂದು ತುದಿಯ ಗುಂಡಿನ ನಡುವಿನಿಂದ ಇನ್ನೊಂದು ತುದಿಯ ಗುಂಡಿನ ನಡುವಿನವರೆಗೆ ಅಳೆಯಿರಿ. ಹೊಸದು ಉದ್ದವಾದರೆ ಬಾಗಿಲು ಅತಿಯಾಗಿ ತೆರೆದು ಬಿಜಾಗರಿ ಎಳೆಯುತ್ತದೆ. ಗಿಡ್ಡವಾದರೆ ಬಾಗಿಲು ತಲೆಗೆ ತಾಗುವಷ್ಟು ತಗ್ಗಿನಲ್ಲಿ ನಿಲ್ಲುತ್ತದೆ.
3. ಸರಳು ಒಳಹೋಗುವ ಅಳತೆ: ಇದು ಕಡಿಮೆಯಿದ್ದರೆ ಬಾಗಿಲು ಪೂರ್ತಿ ಮುಚ್ಚುವುದೇ ಇಲ್ಲ. ಒತ್ತಿ ಮುಚ್ಚಲು ಹೋದರೆ ಸರಳು ಬಾಗುತ್ತದೆ.
4. ತುದಿಯ ಜೋಡಣೆ: ಗುಂಡಿಗೆ ಕೂರುವ ಬಟ್ಟಲೋ, ಬೋಲ್ಟು ಹಾಕುವ ಬಳೆಯೋ ನೋಡಿ.
5. ಸರಳು ಮತ್ತು ಕೊಳವೆಯ ದಪ್ಪ: ಹಳೆಯದಕ್ಕೆ ಸಮನಾಗಿರಲಿ.

ಸುಲಭದ ದಾರಿ ಎಂದರೆ ಗಾಡಿಯ ಹೆಸರು, ಮಾಡೆಲ್, ವರ್ಷ ಹೇಳಿ ಅದಕ್ಕೆಂದೇ ತಯಾರಿಸಿದ ಜೋಡಿ ಕೇಳುವುದು. ಓಮ್ನಿ 2019ರಲ್ಲಿ ನಿಂತುಹೋದರೂ ರಸ್ತೆಯ ಮೇಲೆ ಇನ್ನೂ ಓಡುತ್ತಿದೆ. ಅದರ ಶಾಕ್ ಎಂದು ಈಕೋದ್ದನ್ನು, ಈಕೋದ್ದೆಂದು ಬೇರೆ ಕಾರಿನದ್ದನ್ನು ತರಬೇಡಿ. ಕೊಳವೆಯ ಮೇಲೆ ತಯಾರಾದ ತಿಂಗಳು, ವರ್ಷ ಇದ್ದರೆ ಅದನ್ನೂ ನೋಡಿ. ವರ್ಷಗಟ್ಟಲೆ ಅಂಗಡಿಯಲ್ಲಿ ಬಿದ್ದಿದ್ದರೂ ಅನಿಲ ಸೋರಿರುತ್ತದೆ.

"ಗಟ್ಟಿದು ಹಾಕಿಬಿಡಿ, ಮತ್ತೆ ತಂಟೆ ಬೇಡ" ಎಂದು ಹೇಳುವವರು ಇದ್ದಾರೆ. 400ರ ಜಾಗದಲ್ಲಿ 600 ಹಾಕಿದರೆ ತಂಟೆ ಅಲ್ಲಿಂದಲೇ ಶುರು. ಚಿಲಕ ಬಿಟ್ಟ ಕೂಡಲೇ ಬಾಗಿಲು ಚಿಮ್ಮಿ ಗದ್ದಕ್ಕೆ ಹೊಡೆಯಬಹುದು. ಮುಚ್ಚಲು ಇಬ್ಬರು ಜೋತು ಬೀಳಬೇಕಾಗುತ್ತದೆ. ತಗಡು ಬಾಗಿ, ಬಿಜಾಗರಿಯ ಬೋಲ್ಟು ಸಡಿಲವಾಗುತ್ತದೆ. ಅದೇ ರೀತಿ ಒಂದು ಬದಿಗೆ ಮಾತ್ರ ಹೊಸದು ಹಾಕುವ ಉಳಿತಾಯವೂ ಬೇಡ. ಒಂದು ಬದಿ ಗಟ್ಟಿ, ಇನ್ನೊಂದು ಬದಿ ಮೆತ್ತಗಾದರೆ ಬಾಗಿಲು ತಿರುಚಿಕೊಳ್ಳುತ್ತದೆ. ಜೋಡಿಯೆತ್ತಿನಂತೆ ಎರಡೂ ಸಮನಾಗಿ ಹೊರಬೇಕು. ಎರಡನ್ನೂ ಒಟ್ಟಿಗೆ ಬದಲಿಸಿ.

ಬಾಗಿಲಿಗೆ ಏಣಿ, ಕ್ಯಾರಿಯರ್ ಕೂಡಿಸಿದ್ದರೆ, ಅಥವಾ ಗೂಡ್ಸ್ ಆಟೋಗೆ ಮೇಲಕ್ಕೆ ತೆರೆಯುವ ಹೊಸ ಬಾಗಿಲು ಕಟ್ಟಿಸಿದ್ದರೆ, ಹಳೆಯ ಸಂಖ್ಯೆ ಕೆಲಸಕ್ಕೆ ಬಾರದು. ಆಗ ಲೆಕ್ಕ ಹಾಕಬೇಕು. ಶಾಕ್ ಇಲ್ಲದೆ ಬಾಗಿಲನ್ನು ಇಬ್ಬರು ನೆಲಕ್ಕೆ ಸಮನಾಗಿ ಎತ್ತಿ, ಅದರ ತುದಿಯನ್ನು ಮೇಲಿನಿಂದ ಕೊಕ್ಕೆ ತಕ್ಕಡಿಗೆ ತೂಗುಹಾಕಿ ತೂಕ ನೋಡಿ. 8 ಕೆ.ಜಿ. ಬಂತು ಎಂದುಕೊಳ್ಳಿ. ಬಿಜಾಗರಿಯಿಂದ ಆ ತುದಿಗೆ 100 ಸೆಂ.ಮೀ. ಇದ್ದರೆ, 8ನ್ನು 100ರಿಂದ ಗುಣಿಸಿದರೆ 800. ಈಗ ಶಾಕ್ ಕೂರುವ ಎರಡು ಗುಂಡುಗಳ ನಡುವೆ ದಾರ ಬಿಗಿಯಾಗಿ ಕಟ್ಟಿ, ಬಿಜಾಗರಿಯಿಂದ ಆ ದಾರಕ್ಕೆ ಇರುವ ಅತಿ ಹತ್ತಿರದ ದೂರ ಅಳೆಯಿರಿ. ಅದು 16 ಸೆಂ.ಮೀ. ಇದ್ದರೆ, 800ನ್ನು 16ರಿಂದ ಭಾಗಿಸಿದರೆ 50 ಕೆ.ಜಿ. ಎರಡು ಶಾಕ್ ಇರುವುದರಿಂದ ಒಂದಕ್ಕೆ 25 ಕೆ.ಜಿ., ಅಂದರೆ 250 ನ್ಯೂಟನ್. ಚಳಿಗೂ ಮುಂದಿನ ಸೋರಿಕೆಗೂ ಶೇ. 10ರಿಂದ 15ರಷ್ಟು ಹೆಚ್ಚು ಸೇರಿಸಿ. 290ರ ಹತ್ತಿರ ಬರುತ್ತದೆ. 300ರ ಶಾಕ್ ಸಾಕು. ಲೆಕ್ಕ ತೊಡಕಾದರೆ ಈ ಮೂರು ಅಳತೆ ಬರೆದುಕೊಂಡು ಹೋಗಿ ಮೆಕ್ಯಾನಿಕ್‌ಗೆ ತೋರಿಸಿ.

ಬದಲಿಸುವ ಕ್ರಮ

ಇದು ಒಂದು ಸಣ್ಣ ಸ್ಕ್ರೂಡ್ರೈವರ್, ಒಂದು ಗಟ್ಟಿ ಕೋಲು ಮತ್ತು ಇಬ್ಬರು ಇದ್ದರೆ ಆಗುವ ಕೆಲಸ. ಬೋಲ್ಟಿನ ಜೋಡಣೆಯಾದರೆ ಒಂದು ಪಾನಾ ಬೇಕು. ಒಬ್ಬರೇ ಮಾಡಬೇಡಿ. ಗಾಳಿ ಜೋರಾಗಿರುವಾಗ ಬೇಡ.

1. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮಕ್ಕಳನ್ನು ದೂರ ಕಳಿಸಿ.
2. ಬಾಗಿಲನ್ನು ಪೂರ್ತಿ ತೆರೆಯಿರಿ. ಆಗ ಶಾಕ್ ಪೂರ್ತಿ ಚಾಚಿಕೊಂಡಿರುತ್ತದೆ. ಅರ್ಧ ತೆರೆದಾಗ ಅಥವಾ ಮುಚ್ಚಿದಾಗ ಎಂದೂ ಬಿಚ್ಚಬೇಡಿ. ಒತ್ತಿಕೊಂಡಿರುವ ಸರಳು ಒಮ್ಮೆಲೇ ಚಿಮ್ಮುತ್ತದೆ.
3. ಕೋಲು ಕೊಡಿ. ಅದರ ಜೊತೆಗೆ ಒಬ್ಬರು ಬಾಗಿಲನ್ನು ಕೈಯಿಂದ ಹಿಡಿದೇ ಇರಬೇಕು.
4. ಸರಳು ಯಾವ ಕಡೆ ಇದೆ, ಕೊಳವೆ ಯಾವ ಕಡೆ ಇದೆ ಎಂದು ಫೋಟೊ ತೆಗೆದುಕೊಳ್ಳಿ. ಹೊಸದನ್ನೂ ಹಾಗೆಯೇ ಕೂಡಿಸಬೇಕು. ಹೊಸದಾಗಿ ಕಟ್ಟಿಸಿದ ಬಾಗಿಲಾದರೆ, ಗಾಡಿ ಹೆಚ್ಚು ಹೊತ್ತು ಇರುವ ಸ್ಥಿತಿಯಲ್ಲಿ ಸರಳು ಕೆಳಮುಖವಾಗಿರುವಂತೆ ಮಾಡಿಸಿ. ಒಳಗಿನ ಎಣ್ಣೆ ಆಗ ಸೀಲಿನ ಮೇಲೆ ನಿಂತು ಅದನ್ನು ಒಣಗದಂತೆ ಕಾಯುತ್ತದೆ.
5. ಒಂದು ಬದಿಯ ಶಾಕ್ ಮಾತ್ರ ಬಿಚ್ಚಿ. ಬಟ್ಟಲಿನ ಹಿಂದೆ ತಂತಿಯಂತಹ ಕ್ಲಿಪ್ ಇರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಅದನ್ನು ಸ್ವಲ್ಪ ಎತ್ತಿ, ಬಟ್ಟಲನ್ನು ಗುಂಡಿನಿಂದ ಹೊರಗೆ ಎಳೆಯಿರಿ.
6. ಗುಂಡನ್ನು ಒರೆಸಿ ನೋಡಿ. ಅಲುಗಾಡುತ್ತಿದ್ದರೆ ಬಿಗಿ ಮಾಡಿ. ಗುಂಡಿನ ಮೇಲೆ ಮಾತ್ರ ಚಿಟಿಕೆ ಗ್ರೀಸ್ ಹಚ್ಚಿ.
7. ಹೊಸ ಶಾಕ್‌ನ ಬಟ್ಟಲನ್ನು ಗುಂಡಿಗೆ ಒತ್ತಿ. "ಟಕ್" ಎಂದು ಕೂರಬೇಕು. ಎಳೆದು ನೋಡಿ.
8. ಆಮೇಲೆ ಇನ್ನೊಂದು ಬದಿ.
9. ಕೋಲು ತೆಗೆದು, ಬಾಗಿಲನ್ನು ನಿಧಾನವಾಗಿ ಮುಚ್ಚಿ. ಎಲ್ಲಾದರೂ ತಡೆದರೆ ಬಲ ಹಾಕಬೇಡಿ. ಅಳತೆ ತಪ್ಪಿದೆ ಎಂದು ಅರ್ಥ.

ಹೊಳೆಯುವ ಸರಳನ್ನು ಇಕ್ಕಳದಿಂದ ಹಿಡಿಯಬೇಡಿ, ಉಪ್ಪುಕಾಗದದಿಂದ ಉಜ್ಜಬೇಡಿ. ಕೂದಲಿನಷ್ಟು ಗೀರು ಬಿದ್ದರೂ ಸೀಲು ಹರಿಯುತ್ತದೆ. ಸರಳಿಗೆ ಎಣ್ಣೆ, ಗ್ರೀಸ್ ಹಚ್ಚುವುದೂ ತಪ್ಪು. ಧೂಳು ಇನ್ನಷ್ಟು ಅಂಟುತ್ತದೆ. ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಿದರೆ ಅಷ್ಟೇ ಸಾಕು. ಹತ್ತಿರದಲ್ಲಿ ವೆಲ್ಡಿಂಗ್ ಮಾಡಿಸುವುದಿದ್ದರೆ ಶಾಕ್ ಬಿಚ್ಚಿ ದೂರವಿಡಿ.

ಹಳೆಯ ಶಾಕ್ ಏನು ಮಾಡಬೇಕು?

ಬಾಗಿಲು ಎತ್ತಲಾರದಷ್ಟು ಸೋತ ಶಾಕ್‌ನಲ್ಲೂ ಬಹಳಷ್ಟು ಒತ್ತಡ ಉಳಿದಿರುತ್ತದೆ. ಅದನ್ನು ಕೊರೆಯುವುದು, ಕತ್ತರಿಸುವುದು, ಸುತ್ತಿಗೆಯಿಂದ ಬಡಿಯುವುದು ಮಾಡಿದರೆ ಸರಳು ಅಥವಾ ತುಂಡು ಗುಂಡಿನಂತೆ ಹಾರುತ್ತದೆ. ಕಸದ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. ಮಕ್ಕಳ ಆಟಕ್ಕೆ ಕೊಡಬೇಡಿ, ತಿಪ್ಪೆಗೆ ಎಸೆಯಬೇಡಿ. ಹೊಸದು ಕೊಂಡ ಅಂಗಡಿಗೇ ಹಿಂದಿರುಗಿಸಿ. ಗುಜರಿಗೆ ಹಾಕುವುದಾದರೆ "ಒಳಗೆ ಗ್ಯಾಸ್ ಇದೆ, ಕತ್ತರಿಸಬೇಡಿ" ಎಂದು ಬಾಯಿಬಿಟ್ಟು ಹೇಳಿ. ತೂತು ಕೊರೆದು ಮತ್ತೆ ಗ್ಯಾಸ್ ತುಂಬಿಕೊಡುತ್ತೇವೆ ಎನ್ನುವವರಿಂದ ದೂರವಿರಿ.

ಹಾಲು ತಂಪು ಮಾಡುವ ತೊಟ್ಟಿಯ ಮುಚ್ಚಳ

ಸಂಘಗಳಲ್ಲಿರುವ ಹಾಲು ಶೀತಲೀಕರಣ ತೊಟ್ಟಿಗಳಲ್ಲಿ ಕೆಲವು ಮಾದರಿಗಳ ದೊಡ್ಡ ಮುಚ್ಚಳಕ್ಕೂ ಗ್ಯಾಸ್ ಶಾಕ್ ಇರುತ್ತದೆ. ತೊಟ್ಟಿ ತೊಳೆಯಲು ಬಗ್ಗುವವರ ತಲೆ, ಕೈ ಅದರ ಅಡಿಯೇ ಇರುತ್ತದೆ. ಪರೀಕ್ಷೆ ಮಾಡುವ ಕ್ರಮ ವ್ಯಾನಿನದ್ದೇ. ಆದರೆ ಇಲ್ಲಿ ನೀವೇ ಬದಲಿಸಬೇಡಿ. ತೊಳೆಯುವ ಸೋಡಾ ಮತ್ತು ಆಮ್ಲ ತಾಗುವ ಜಾಗವಾದ್ದರಿಂದ ತುಕ್ಕು ಹಿಡಿಯದ ಉಕ್ಕಿನ ಶಾಕ್ ಬೇಕು. ಹಾಲಿನ ಬಾಯಿಯ ಹತ್ತಿರ ಗಾಡಿಯ ಗ್ರೀಸ್ ಬಳಸುವಂತಿಲ್ಲ. ಮುಚ್ಚಳ ಜಾರುವುದು ಕಂಡ ದಿನವೇ ಕಾರ್ಯದರ್ಶಿಯವರಿಗೆ ಹೇಳಿ, ಸಂಘದ ಪುಸ್ತಕದಲ್ಲಿ ಬರೆಸಿ, ಒಕ್ಕೂಟದ ತಾಂತ್ರಿಕ ಸಿಬ್ಬಂದಿಗೆ ತಿಳಿಸಿ. ಅವರು ಬರುವವರೆಗೆ ಒಬ್ಬರು ಮುಚ್ಚಳ ಹಿಡಿದು, ಇನ್ನೊಬ್ಬರು ತೊಳೆಯಿರಿ.

ಪೆಟ್ಟು ಬಿದ್ದರೆ

ಬಾಗಿಲು ತಲೆಗೆ ಬಡಿದಾಗ ರಕ್ತ ಬರದಿದ್ದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ವಾಂತಿ, ತಲೆಸುತ್ತು, ಮಂಪರು, ಮಾತು ತೊದಲುವುದು, ಹೆಚ್ಚುತ್ತಾ ಹೋಗುವ ತಲೆನೋವು, ಇವುಗಳಲ್ಲಿ ಒಂದು ಕಂಡರೂ ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಮೊದಲ ದಿನ ಮನೆಯಲ್ಲಿ ಒಬ್ಬರನ್ನೇ ಬಿಡಬೇಡಿ.

ಸಂಘದಲ್ಲಿ ಏನು ಮಾಡಬಹುದು?

ಗಾಡಿ ನಮ್ಮದಲ್ಲ, ಕೇಳುವುದು ಹೇಗೆ ಎಂಬ ಸಂಕೋಚ ಹಲವರಿಗಿದೆ. ಕೇಳುವ ಹಕ್ಕು ನಿಮಗಿದೆ, ಏಕೆಂದರೆ ಬಾಗಿಲಿನ ಅಡಿ ಬಗ್ಗುವವರು ನೀವು. ಸಂಘ ಬಾಡಿಗೆಗೆ ಗಾಡಿ ಗೊತ್ತುಮಾಡುವಾಗ "ಹಿಂಬಾಗಿಲು ಕೋಲಿಲ್ಲದೆ ನಿಲ್ಲಬೇಕು" ಎಂಬ ಒಂದು ಷರತ್ತು ಸೇರಿಸಿದರೆ ಆಯಿತು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ಲೇಖನ ಓದಿಸಿ. ನಾಳೆ ನಸುಕಿನಲ್ಲಿ ಹಾಲಿನ ಗಾಡಿ ಬಂದಾಗ ಕ್ಯಾನು ಎತ್ತುವ ಮೊದಲು ಪಕ್ಕದಲ್ಲಿ ನಿಂತು ಬಾಗಿಲನ್ನು ಒಂದು ಬೆರಳಿನಿಂದ ಒತ್ತಿ ನೋಡಿ. ಮೇಲೆ ಹೋದರೆ ಕ್ಯಾನು ಇಡಿ. ಕೆಳಗೆ ಜಾರಿದರೆ, ಬೇರೆಯವರು ಬಾಗಿಲು ಹಿಡಿಯುವವರೆಗೆ ಒಳಗೆ ಬಗ್ಗಬೇಡಿ.